ಸುಣ್ಣದ ಡಬ್ಬಿಯಲ್ಲಿ ಉಳಿದಿದ್ದ ಎರಡು ಕೊಂಡಿ

ವಾಚು ಮನೆಗೆ ವಾಪಸ್ ಬಂದಿದೆ. ಐದು ವರ್ಷ ಬೇರೆಯವರ ಕೈಯಲ್ಲಿತ್ತು.

ಅದು ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್, ಗುಂಡಿ ಒತ್ತಿ ಸ್ಟಾಪ್‌ವಾಚಿನ ಹಾಗೆ ಹೊತ್ತು ಅಳೆಯಬಹುದಾದ ವಾಚು. 42 ಮಿಲಿಮೀಟರ್ ಕೇಸು, ಕಪ್ಪು ಡಯಲ್, ದಿನಾ ಕೀಲಿ ಕೊಡಬೇಕಾದ, 1861 ಅನ್ನೋ ನಂಬರಿನ ಎಂಜಿನ್. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, 2009ರಲ್ಲಿ, ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದೆ. ಆಮೇಲೆ ಕೆಲಸ ಬಿಟ್ಟು ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಬಂದೆ. ವಾಚೂ ನನ್ನ ಜೊತೆ ಬಂತು.

2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ಮರೆಯೋಕಾಗಲ್ಲ. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಿದ್ದೆವು. ಅವೆರಡನ್ನೂ ಕಲಸಿದ ಬೋರ್ಡೋ ಔಷಧಿಯನ್ನ ಎರಡನೇ ಸಲ ಹೊಡೆಯೋಕೆ ಮಳೆ ಒಂದು ದಿನವೂ ಬಿಡುವು ಕೊಡಲಿಲ್ಲ. ಅಡಿಕೆಗೆ ಕೊಳೆರೋಗ ಬಂತು. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿರುತ್ತಿತ್ತು. ಅದೇ ವಾರ ಕೊಟ್ಟಿಗೆ ಗೋಡೆಯೂ ಕುಸಿಯಿತು. ಡಿಸೆಂಬರ್‌ನಲ್ಲಿ ವಾಚು ಮಾರಿದೆ. ತಗೊಂಡವರು ಬೆಂಗಳೂರಿನ ಒಬ್ಬ ಡಾಕ್ಟರು, ವಾಚು ಕೂಡಿಡುವವರು. 2 ಲಕ್ಷದ 20 ಸಾವಿರ ಕೊಟ್ಟರು. ಬಾಕ್ಸು, ಕಾರ್ಡು, ಪುಸ್ತಕ ಎಲ್ಲ ಸೇರಿ ಫುಲ್ ಸೆಟ್ ಕೊಟ್ಟೆ ಅಂದುಕೊಂಡಿದ್ದೆ.

ಆದರೆ ಪಟ್ಟಿಯಿಂದ ನನ್ನ ಕೈ ಅಳತೆಗೆ ತೆಗೆಸಿದ್ದ ಎರಡು ಕೊಂಡಿ ಇಲ್ಲೇ ಉಳಿದಿದ್ದವು, ಅಮ್ಮನ ಹಳೇ ಸುಣ್ಣದ ಡಬ್ಬಿಯಲ್ಲಿ. ಫೋನ್ ಮಾಡಿ ಕೊರಿಯರ್ ಮಾಡ್ತೀನಿ ಅಂದೆ. "ನನ್ನ ಕೈ ನಿಮ್ಮದಕ್ಕಿಂತ ಸಣ್ಣ. ಅದು ನಿಮ್ಮ ಹತ್ರಾನೇ ಇರಲಿ" ಅಂದರು. ಆಗ ಧೈರ್ಯ ಮಾಡಿ ಕೇಳಿಬಿಟ್ಟೆ: ಯಾವತ್ತಾದರೂ ಕೊಡೋದಾದರೆ ಮೊದಲು ನನಗೆ ಹೇಳ್ತೀರಾ? ಆಗಲಿ ಅಂದರು.

ನಡುವೆ ನಾನು ಬೇರೆ ಸ್ಪೀಡ್‌ಮಾಸ್ಟರ್ ನೋಡಲಿಲ್ಲ ಅಂತಲ್ಲ. 2021ರಲ್ಲಿ 3861 ಎಂಜಿನ್ನಿನ ಹೊಸದು ಬಂತು. ಎಲ್ಲ ಲೆಕ್ಕದಲ್ಲೂ ಅದು ನನ್ನದಕ್ಕಿಂತ ಒಳ್ಳೆ ವಾಚು. ನನ್ನ ಹಳೇ ಮಾಡೆಲ್ಲೇ ಇನ್ನೊಂದು ತಗೊಂಡರೂ ಆಯ್ತಲ್ವಾ ಅಂತ ಗೆಳೆಯರು ಹೇಳಿದರು. ಆಗಲ್ಲ. ನನ್ನ ವಾಚಿನ ಎಡಗಡೆಯ ಕೆಳಗಿನ ಲಗ್ಗಿನಲ್ಲಿ, ಅಂದರೆ ಪಟ್ಟಿ ಸೇರುವ ಕೇಸಿನ ಕೊಂಬಿನಲ್ಲಿ, ಒಂದು ಗೀರು ಇದೆ. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿಗೆ ತಾಗಿ ಆದದ್ದು. ಅಕ್ಕಿಕಾಳಿನ ಅರ್ಧ ಉದ್ದ, ಒಂದು ತುದಿ ಚೂಪು. ಆ ಗೀರು ಇನ್ನೊಂದು ವಾಚಲ್ಲಿ ಎಲ್ಲಿ ಸಿಗುತ್ತೆ?

2024ರ ಅಕ್ಟೋಬರ್‌ನಲ್ಲಿ ಡಾಕ್ಟರು ಫೋನ್ ಮಾಡಿದರು. "ಒಂದಷ್ಟು ವಾಚು ಕೊಡ್ತಿದ್ದೀನಿ. ಮೊದಲು ನಿಮಗೇ ಹೇಳ್ತಿದ್ದೀನಿ." ಬೆಲೆ 3 ಲಕ್ಷದ 10 ಸಾವಿರ. ಬೆಲೆಗಿಂತ ಮೊದಲು ನಾನು ಕೇಳಿದ್ದು, ಪಾಲಿಶ್ ಮಾಡಿಸಿದ್ದೀರಾ ಅಂತ. ವಾಚಿನ ಲೋಕದಲ್ಲಿರುವವರಿಗೆ ಗೊತ್ತು, ಒಂದು ಸಲ ಚಕ್ರಕ್ಕೆ ಹಿಡಿದರೆ ಲಗ್ಗಿನ ಅಂಚು ದುಂಡಗಾಗುತ್ತೆ. ಹೋದ ಲೋಹ ವಾಪಸ್ ಬರಲ್ಲ. ಗೀರೂ ಹೋಗುತ್ತೆ. "ಇಲ್ಲ, ಗಾಜು ಮಾತ್ರ ಉಜ್ಜಿದ್ದೀನಿ" ಅಂದರು. ಜೀವ ಬಂತು.

ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದು ಹೋದೆ. ಅವರ ಮನೆ ಮೇಜಿನ ಮೇಲೆ ವಾಚು ಇತ್ತು. ಮೊದಲು ಸೀರಿಯಲ್ ನಂಬರ್ ನನ್ನ ಡೈರಿಗೆ ಹೋಲಿಸಿದೆ. ಸರಿ ಇತ್ತು. ಆಮೇಲೆ ಭೂತಗನ್ನಡಿ ಹಿಡಿದೆ. ಇದರ ಗಾಜು ನಿಜಕ್ಕೂ ಗಾಜಲ್ಲ, ಹೆಸಲೈಟ್ ಅನ್ನೋ ಪ್ಲಾಸ್ಟಿಕ್. ಗೀರು ಬೇಗ ಬೀಳುತ್ತೆ, ಆದರೆ ಚೂರು ಚೂರಾಗಿ ಸಿಡಿಯಲ್ಲ. ಅದರ ನಟ್ಟನಡುವೆ, ಮುಳ್ಳುಗಳ ಮೊಳೆಯ ನೇರ ಮೇಲೆ, ಧೂಳಿನ ಕಣದಷ್ಟು ಒಮೆಗಾ ಗುರುತು ಕೊರೆದಿರುತ್ತಾರೆ. ಬೆಳಕಿಗೆ ಓರೆ ಮಾಡಿದರೆ ಮಾತ್ರ ಕಾಣುತ್ತೆ. ಕಂಡಿತು. ಕೊನೆಗೆ ವಾಚು ತಿರುಗಿಸಿ ಲಗ್ಗಿನ ಮೇಲೆ ಉಗುರು ಆಡಿಸಿದೆ. ಗೀರು ಉಗುರಿಗೆ ಸಿಕ್ಕಿತು. ಕಣ್ಣು ತುಂಬಿತು. ಡಾಕ್ಟರು ಸುಮ್ನೆ ಕೂತಿದ್ದರು.

ಅವರು ತಮ್ಮ ಕೈಗೆ ಇನ್ನೊಂದು ಕೊಂಡಿ ತೆಗೆಸಿದ್ದರು. ಅದನ್ನ ಪುಟ್ಟ ಕವರಿನಲ್ಲಿ ಜೋಪಾನವಾಗಿ ಇಟ್ಟು ಕೊಟ್ಟರು. ಮನೆಗೆ ಬಂದು ಆ ರಾತ್ರಿಯೇ ಪಿನ್ ಹಾಕಿ ಸೇರಿಸಿದೆ. ಪಟ್ಟಿ ನನ್ನ ಕೈಗೆ ಸರಿಯಾಗಿ ಕೂತಿತು. ಸುಣ್ಣದ ಡಬ್ಬಿಯ ಎರಡು ಕೊಂಡಿ ತೊಳೆದು ಬಾಕ್ಸಿಗೆ ಹಾಕಿದೆ. ಈಗ ನಿಜವಾದ ಫುಲ್ ಸೆಟ್.

ಅಪ್ಪ ವಾಚು ಇಸ್ಕೊಂಡು ಕಿವಿಗೆ ಹಿಡಿದರು. ಅವರ ಎಚ್‌ಎಂಟಿ ಜನತಾವನ್ನೂ ಹಾಗೇ ನೋಡುತ್ತಿದ್ದರು. ಸೆಕೆಂಡಿಗೆ ಆರು ಬಡಿತ. "ಓಡ್ತಾ ಇದೆ" ಅಂದರು. ಅವರಿಗೆ ಇದರ ಅಪೊಲೊ 13 ಕಥೆ ತುಂಬಾ ಇಷ್ಟ. 1970ರಲ್ಲಿ ಚಂದ್ರನತ್ತ ಹೊರಟ ಆ ನೌಕೆ ಕೆಟ್ಟು ವಾಪಸ್ ಬರುವಾಗ, ದಾರಿ ಸರಿಮಾಡೋಕೆ 14 ಸೆಕೆಂಡು ಎಂಜಿನ್ ಉರಿಸಬೇಕಿತ್ತು. ಆ 14 ಸೆಕೆಂಡು ಅಳೆದದ್ದು ಗಗನಯಾತ್ರಿಯ ಕೈಯಲ್ಲಿದ್ದ ಸ್ಪೀಡ್‌ಮಾಸ್ಟರ್. ನಮ್ಮ ಮನೆಯಲ್ಲಿ ಅದು ಅಳೆಯೋದು ಅಡಿಕೆ ಬೇಯುವ ಹೊತ್ತನ್ನ. ಬಲಗಡೆಯ ಪುಟ್ಟ ಡಯಲ್ 30 ನಿಮಿಷ ಎಣಿಸುತ್ತೆ. ಅದರ ಮುಳ್ಳು ಎರಡು ಸುತ್ತು ಬರುವ ಹೊತ್ತಿಗೆ ಅಪ್ಪ ಹಂಡೆಯಿಂದ ಒಂದು ಅಡಿಕೆ ತೆಗೆದು ಕತ್ತರಿಸಿ ನೋಡುತ್ತಾರೆ.

ನವೆಂಬರ್‌ನಲ್ಲಿ ಮೊದಲ ಅಡಿಕೆ ಗೊನೆ ಇಳಿಯಿತು. ಒಲೆ ಹಚ್ಚಿ, ಚೊಗರು (ಹಿಂದೆ ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ, ಸುಲಿದ ಅಡಿಕೆ ಹಂಡೆಗೆ ಬಿಟ್ಟೆವು. ವಾಚು ಮಾರುವಾಗ ಮಗಳಿಗೆ ಆರು ವರ್ಷ. ಆಗ ಹೊತ್ತು ಎಣಿಸೋಕೆ ಶುರು ಮಾಡುವ ಗುಂಡಿ ಒತ್ತೋಕೆ ಅವಳಿಗೆ ಎರಡೂ ಹೆಬ್ಬೆರಳು ಬೇಕಿತ್ತು. ಈ ಸಲ ನನ್ನ ಕೈ ಎಳೆದುಕೊಂಡು ಒಂದೇ ಬೆರಳಲ್ಲಿ ಒತ್ತಿದಳು. ಟಕ್ ಅಂತು. "ಅಜ್ಜ, ಶುರು" ಅಂದಳು.