ತುರಿಕೆ ಡೈರಿ: ಆರನೇ ವಾರ

ಹಾಲು ಮತ್ತು ಮೊಟ್ಟೆ, ಎರಡೂ ಮತ್ತೆ ತಟ್ಟೆಗೆ ಬಂದಿವೆ. ತುಂಬಾ ಖುಷಿಯಾಗಿದೆ.

ನನಗೆ ಎಕ್ಸಿಮಾ ಇದೆ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ. ಮೊಣಕೈ ಮಡಿಕೆಯಲ್ಲಿ, ಎಡಗೈ ಬೆರಳ ತುದಿಗಳಲ್ಲಿ. ಅವರಿವರ ಮಾತು ಕೇಳಿ ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು ಎಲ್ಲ ಒಟ್ಟಿಗೆ ಬಿಟ್ಟಿದ್ದೆ. ತೂಕ ಇಳಿಯಿತು, ತುರಿಕೆ ಇಳಿಯಲಿಲ್ಲ.

ಆಮೇಲೆ ಚರ್ಮದ ವೈದ್ಯರ ಹತ್ತಿರ ಹೋದೆ. ಚುಚ್ಚಿ ನೋಡುವ ಟೆಸ್ಟಿನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಆ ಆಹಾರ ಆಗಿಬರುವುದಿಲ್ಲ ಎಂದಲ್ಲವಂತೆ. ಬಹಳ ದಿನ ಬಿಟ್ಟಿದ್ದನ್ನು ಮತ್ತೆ ತಿಂದಾಗ ಕೆಲವರಿಗೆ ಜೋರಾದ ಅಲರ್ಜಿಯೇ ಆಗಬಹುದು. ಅದಕ್ಕೇ ಇದನ್ನು ಒಬ್ಬರೇ ಮಾಡಬೇಡಿ. ದದ್ದು, ತುಟಿ ಊತ ಸಾಮಾನ್ಯವಾಗಿ 2 ಗಂಟೆಯೊಳಗೆ ಕಾಣುತ್ತದೆ. ಎಕ್ಸಿಮಾ ಕೆರಳುವುದು ಒಂದೆರಡು ದಿನ ಬಿಟ್ಟೂ ಆಗಬಹುದು. ಹಾಗಾಗಿ ಒಂದು ಸಲಕ್ಕೆ ಒಂದೇ ಆಹಾರ, ನಡುವೆ ಕೆಲವು ದಿನ ಬಿಡುವು.

1, 2ನೇ ವಾರ ಹಾಲು. ಏನೂ ಆಗಲಿಲ್ಲ. 3, 4ನೇ ವಾರ ಮೊಟ್ಟೆ, ಮೊದಲು ಚೆನ್ನಾಗಿ ಬೇಯಿಸಿದ್ದು. ಅದೂ ಸರಿಹೋಯಿತು.

5ನೇ ವಾರ ಡೈರಿಯನ್ನು ಮೊದಲಿಂದ ಓದಿದೆ. ಬೆರಳು ಬಿರಿದ ದಿನಗಳಿಗೂ ತಿಂದದ್ದಕ್ಕೂ ತಾಳೆಯೇ ಇಲ್ಲ. ನಾನೇ ಅಡುಗೆ ಮಾಡಿದ ಮರುದಿನ ಮಾತ್ರ ಜಾಸ್ತಿ! ಕೈ ನೋಡಿಕೊಂಡೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿ ಮಾತ್ರ ಒಣಗಿ ಸೀಳಿದೆ. ಚಾಕು ಬಲಗೈಯಲ್ಲಿ. ಬೆಳ್ಳುಳ್ಳಿ ಹಿಡಿಯುವುದು ಈ ಮೂರು ಬೆರಳಲ್ಲೇ ಅಲ್ವಾ?

ವೈದ್ಯರು ಪ್ಯಾಚ್ ಟೆಸ್ಟ್ ಮಾಡಿದರು. ಬೆಳ್ಳುಳ್ಳಿಯಂಥ ವಸ್ತುಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ಬಿಟ್ಟು ತೆಗೆದರು, ಎರಡು ದಿನ ಬಿಟ್ಟು ಮತ್ತೆ ನೋಡಿದರು. ಬೆಳ್ಳುಳ್ಳಿಯ ಜಾಗ ಕೆಂಪಾಗಿ ಉಬ್ಬಿತ್ತು. ಅದರಲ್ಲಿರುವ ಡೈಅಲೈಲ್ ಡೈಸಲ್ಫೈಡ್ ಎಂಬ ರಾಸಾಯನಿಕ ಇದಕ್ಕೆ ಕಾರಣ. ಅದು ಸಾಮಾನ್ಯ ಗ್ಲೌಸ್ ದಾಟಿಯೂ ಬರುತ್ತದೆ. ಈಗ ಸುಲಿಯುವ ಕೆಲಸ ಮನೆಯವರದು. ಬೇಯಿಸಿದ ಬೆಳ್ಳುಳ್ಳಿ ತಿಂದರೆ ನನಗೆ ಏನೂ ಆಗುತ್ತಿಲ್ಲ. ತಿನ್ನುವುದನ್ನೆಲ್ಲ ಸುಮ್ನೆ ಬಿಟ್ಟಿದ್ದೆನಲ್ಲ ಎಂದು ಬೇಜಾರಾಯಿತು.

ಮೊಣಕೈಗೆ ಸ್ನಾನವಾದ ತಕ್ಷಣ ಮಾಯಿಶ್ಚರೈಸರ್ ಹಚ್ಚುತ್ತಿದ್ದೇನೆ. ಸ್ವಲ್ಪ ಮೆತ್ತಗಾಗಿದೆ.

ನಾಳೆಯಿಂದ ಗೋಧಿ. ಹಾಲು ಒಗ್ಗಿರುವುದರಿಂದ ಹಾಲು ಹಾಕಿದ ಬ್ರೆಡ್ ನಡೆಯುತ್ತದೆ, ಆದರೆ ಇನ್ನೂ ತಿಂದು ನೋಡದ ಸೋಯಾ ಅದರಲ್ಲಿ ಇರಬಾರದು. ಮೂರು ಪ್ಯಾಕೆಟ್ ತಿರುಗಿಸಿ ಓದಿದ ಮೇಲೆ ಒಂದು ಸಿಕ್ಕಿತು.