ಆ ಒಂದು ಲ್ಯಾಪ್ ಎಲ್ಲಿ ಹೋಗಿತ್ತು

ಡಿಸೆಂಬರ್‌ನಲ್ಲಿ ನನ್ನ ಬಗ್ಗಿ, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ಪುಟ್ಟ ರಿಮೋಟ್ ಕಾರು, ಒಂದು ರೇಸಿನಲ್ಲಿ 12 ಲ್ಯಾಪ್ (ಸುತ್ತು) ಓಡಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಎಷ್ಟು ಒದ್ದಾಡಿದರೂ 11. ಅದೇ ಟ್ರ್ಯಾಕು, ಅದೇ ಮೋಟಾರು, ಅದೇ ನಾನು.

ನಮ್ಮದು ಐದು ನಿಮಿಷದ ರೇಸು. ಸಮಯ ಮುಗಿದಾಗ ಯಾವ ಲ್ಯಾಪಿನಲ್ಲಿ ಇದ್ದೀರೋ ಅದನ್ನು ಮುಗಿಸಲು ಬಿಡುತ್ತೇವೆ. ಅಂದರೆ 300 ಸೆಕೆಂಡಿನೊಳಗೆ 11 ಸುತ್ತು ದಾಟಿದವರಿಗೆ ಮಾತ್ರ 12ನೆಯದು ಸಿಗುತ್ತದೆ. ಲೆಕ್ಕ ಹಾಕಿದರೆ ಸುತ್ತಿಗೆ 27.27 ಸೆಕೆಂಡು. ನಾನು 27.8ರಲ್ಲಿ ಸಿಕ್ಕಿಕೊಂಡಿದ್ದೆ. ಅರ್ಧ ಸೆಕೆಂಡು, ಅಷ್ಟೇ. ಆದರೆ ಸ್ಟಾಕ್ ಕ್ಲಾಸಿನಲ್ಲಿ ಅರ್ಧ ಸೆಕೆಂಡು ಹುಡುಕುವುದು ಎಷ್ಟು ಕಷ್ಟ ಅಂತ ಓಡಿಸಿದವರಿಗೆ ಗೊತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾವು ಓಡಿಸುವುದು ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ, ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುವ ಬಗ್ಗಿ. ತೂಕ ಸುಮಾರು ಒಂದೂವರೆ ಕಿಲೋ. ಸ್ಟಾಕ್ ಅಂದರೆ ಎಲ್ಲರಿಗೂ 17.5 ಮೋಟಾರು. ಒಳಗೆ ತಾಮ್ರದ ತಂತಿ ಹದಿನೇಳೂವರೆ ಸುತ್ತು ಇರುತ್ತದೆ, ಸುತ್ತು ಕಡಿಮೆಯಾದಷ್ಟೂ ಮೋಟಾರು ಜೋರು. ಬ್ರಷ್ ಮೋಟಾರಿನ ಕಾಲದಲ್ಲಿ ಸ್ಟಾಕ್ ಅಂದರೆ 27 ಸುತ್ತಿನದು. ಈಗ ಮಾಡಿಫೈಡ್ ಕ್ಲಾಸಿನವರು ಆರೇಳು ಸುತ್ತಿನದ್ದನ್ನು ಹಾಕುತ್ತಾರೆ. ಸ್ಟಾಕ್‌ನಲ್ಲಿ ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಟೈಮಿಂಗನ್ನೂ, ಅಂದರೆ ಮೋಟಾರಿಗೆ ವಿದ್ಯುತ್ತನ್ನು ಎಷ್ಟು ಮುಂಚೆ ಕೊಡಬೇಕು ಅನ್ನುವುದನ್ನೂ, ಸೊನ್ನೆಗೆ ಇಡಬೇಕು. ಹಾಗೆ ಇಟ್ಟರೆ ಅದರ ದೀಪ ಮಿಣುಕುತ್ತಾ ಇರುತ್ತದೆ, ಅದಕ್ಕೇ ಇದಕ್ಕೆ ಬ್ಲಿಂಕಿ ಅನ್ನುವುದು. ರೇಸಿಗೆ ಮುಂಚೆ ಪಕ್ಕದವನ ಕಾರಿನ ದೀಪ ನೋಡಿದರೆ ಸಾಕು, ನಂಬಬಹುದು.

ಹಾಗಾಗಿ ಎಲ್ಲರ ಹತ್ತಿರವೂ ಹೆಚ್ಚುಕಡಿಮೆ ಒಂದೇ ಶಕ್ತಿ. ತಿರುವಿನಲ್ಲಿ ವೇಗ ಒಮ್ಮೆ ಬಿದ್ದರೆ ಮತ್ತೆ ಎಬ್ಬಿಸಲು ಮೋಟಾರಿಗೆ ದಮ್ಮಿಲ್ಲ. ಬೀಳದ ಹಾಗೆ ನೋಡಿಕೊಳ್ಳಬೇಕು. ನನಗೆ ಈ ಕ್ಲಾಸು ಇಷ್ಟ ಆಗುವುದೇ ಇದಕ್ಕೆ.

ಟ್ರ್ಯಾಕು ಇರುವುದು ಶಿರಸಿ ಹತ್ತಿರ, ನಮ್ಮ ಮನೆಯ ಹಿಂದೆ. ಅಡಿಕೆ ಒಣಗಿಸುವ ಅಂಗಳ ದಾಟಿದರೆ ಬೆಟ್ಟದ ಬುಡದಲ್ಲಿ ಒಂದು ಬೋಳು ಜಾಗ ಇದೆ, ಪೂರ್ತಿ ಕೆಂಪು ಜಂಬಿಟ್ಟಿಗೆ ಮಣ್ಣು. ಬೇರೆ ಕಡೆ ಟ್ರ್ಯಾಕಿನ ಅಂಚಿಗೆ ಪ್ಲಾಸ್ಟಿಕ್ ಪೈಪು ಹಾಕುತ್ತಾರೆ, ನಾವು ಅಡಿಕೆ ಮರ ಸೀಳಿದ ದಬ್ಬೆ ಹಾಕಿದ್ದೇವೆ. ತೋಟಕ್ಕೆ ಅಂತ ತರಿಸಿದ್ದ ಮಣ್ಣಿನಲ್ಲಿ ಎರಡು ಗಾಡಿ ಕೇಳಿ ಜಂಪ್ (ಕಾರು ಹಾರುವ ದಿಬ್ಬ) ಮಾಡಿಕೊಂಡೆವು. ರೇಸಿಗೆ ಯಲ್ಲಾಪುರ, ಸಿದ್ದಾಪುರದಿಂದ ಜನ ಬರುತ್ತಾರೆ, ಇಬ್ಬರು ಹುಡುಗರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಾರೆ. ಎಲ್ಲ ಸೇರಿದರೆ ಏಳೆಂಟು ಜನ. ಒಬ್ಬರ ರೇಸು ಮುಗಿದ ಮೇಲೆ ಅವರೇ ಟ್ರ್ಯಾಕಿಗೆ ಇಳಿದು ಮುಂದಿನವರ ಮಗುಚಿದ ಕಾರು ಎತ್ತಿ ಇಡಬೇಕು. ಈ ಒಂದು ನಿಯಮದಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮಣ್ಣಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜಂಬಿಟ್ಟಿಗೆ ಒಣಗಿದರೆ ಮೇಲೆ ಪುಡಿ, ಪುಡಿಯೊಳಗೆ ಸಣ್ಣ ಗಟ್ಟಿ ಹರಳು. ಆ ಹರಳಿನ ಮೇಲೆ ಗಾಲಿ ಜಾರುತ್ತದೆ, ಟೈರಂತೂ ಸಾಣೆಗೆ ಹಿಡಿದಂತೆ ಸವೆಯುತ್ತದೆ. ಒಂದು ಜೊತೆ ಹಿಂದಿನ ಟೈರು ಮೂರು ಭಾನುವಾರ ಬಂದರೆ ಹೆಚ್ಚು. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಅದೇ, ಮೋಟಾರಲ್ಲ. ಹೊಸಬರು ಮೊದಲು ಮೋಟಾರಿಗೆ ದುಡ್ಡು ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಮಂಜಿನ ತೇವ ಇರುವಾಗ ಗಿಡ್ಡ ಪಿನ್ನಿನ (ರಬ್ಬರ್ ಮುಳ್ಳಿನ) ಟೈರು ಹಿಡಿಯುತ್ತದೆ. ಹನ್ನೊಂದು ಗಂಟೆ ಕಳೆದು ಮೇಲೆ ಪುಡಿ ಎದ್ದ ಮೇಲೆ ಉದ್ದ ಪಿನ್ನಿನದು ಬೇಕು, ಪುಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಲಿಕ್ಕೆ. ಮುಂದಿನ ಗಾಲಿಗೆ ಮಾತ್ರ ಇಡೀ ದಿನ ಉದ್ದ ಗೆರೆಗಳ ಟೈರೇ.

ಅಮೆರಿಕದ ಕೆಲವು ಮಣ್ಣಿನ ಟ್ರ್ಯಾಕುಗಳಲ್ಲಿ ಸಕ್ಕರೆ ನೀರು ಹೊಡೆದು ನೆಲ ಗಟ್ಟಿ ಮಾಡುತ್ತಾರೆ. ಅದನ್ನು ಮನೆಯಲ್ಲಿ ಹೇಳಿದಾಗ ಆಯಿ, ಸಕ್ಕರೆ ಹಾಕಿ ಇರುವೆ ಕರೆಯುವುದು ಯಾಕೆ, ಅಂಗಳ ಸಾರಿಸಿದ ಹಾಗೆ ಸಗಣಿ ನೀರು ಹಾಕಿ ಅಂದರು. ಹಾಕಿದೆವು. ಶನಿವಾರ ಸಂಜೆ ತೆಳ್ಳಗೆ ಹೊಯ್ದು ಕಸಬರಿಗೆಯಿಂದ ಎಳೆದರೆ ಭಾನುವಾರ ಮಧ್ಯಾಹ್ನದವರೆಗೆ ಧೂಳು ಏಳುವುದಿಲ್ಲ. ಜಂಪ್ ಇಳಿಯುವ ಜಾಗದಲ್ಲಿ ಮಾತ್ರ ಬೇಗ ಎದ್ದುಹೋಗುತ್ತದೆ. ಅಲ್ಲಿಗೆ ಎರಡು ಸಲ ಸಾರಿಸಬೇಕು.

ಸರಿ, ಲ್ಯಾಪಿನ ವಿಷಯ. ಜನವರಿ ಕೊನೆಗೆ ಕಾರವಾರದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಕಾರು ಜೊತೆಗಿತ್ತು. ಬೆಳಿಗ್ಗೆ ಆರೂವರೆಗೆ ಟ್ಯಾಗೋರ್ ಕಡಲತೀರದಲ್ಲಿ ಜನ ಇನ್ನೂ ಬಂದಿರಲಿಲ್ಲ. ಅಲೆ ಹಿಂದೆ ಸರಿದ ಜಾಗದ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಎರಡು ಬ್ಯಾಟರಿ ಖಾಲಿ ಆಗುವವರೆಗೆ ಓಡಿಸಿದೆ. ಹಿಂದಿನ ಗಾಲಿಯಿಂದ ಮರಳು ಬಾಲದ ಹಾಗೆ ಹಾರುತ್ತಿತ್ತು, ಎದುರಿಗೆ ಸಮುದ್ರ, ಆ ಬೆಳಿಗ್ಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮನೆಗೆ ಬಂದು ಬ್ರಷ್ ಹಾಕಿ ಉಜ್ಜಿದೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ, ಚಾಸಿಸ್ ಫಳಫಳ ಅಂತಿತ್ತು. ಬೇರಿಂಗ್ ಬಿಚ್ಚಲಿಲ್ಲ.

ಫೆಬ್ರವರಿಯ ಮೊದಲ ರೇಸಿನಲ್ಲಿ ನೇರ ದಾರಿಯಲ್ಲೇ ಹಿಂದೆ ಬಿದ್ದೆ. ಮೋಟಾರು ಸೊರಗಿದೆ ಅಂದುಕೊಂಡೆ. ನನ್ನ ಕಾರಿನ ಗೇರ್‌ಬಾಕ್ಸ್ ಒಳಗಿನ ರೇಶಿಯೋ 2.6. ಸ್ಪರ್ ಅನ್ನುವ ದೊಡ್ಡ ಗೇರಿಗೆ 72 ಹಲ್ಲು, ಮೋಟಾರಿಗೆ ಕೂರುವ ಸಣ್ಣ ಗೇರು ಪಿನಿಯನ್‌ಗೆ 30. 72ನ್ನು 30ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 6.24, ಅಂದರೆ ಗಾಲಿ ಒಂದು ಸುತ್ತು ತಿರುಗಲು ಮೋಟಾರು ಆರೂಕಾಲು ಸುತ್ತು ತಿರುಗಬೇಕು. ಪಿನಿಯನ್ 32 ಹಾಕಿದೆ, 5.85ಕ್ಕೆ ಬಂತು. ಗರಿಷ್ಠ ವೇಗ ಹೆಚ್ಚಬೇಕಿತ್ತು, ಹೆಚ್ಚಲಿಲ್ಲ. ಬದಲಿಗೆ ಮೋಟಾರು ಕಾದಿತು. ಮೊದಲು ರೇಸು ಮುಗಿದಾಗ 62 ಡಿಗ್ರಿ ಇರುತ್ತಿದ್ದದ್ದು 84ಕ್ಕೆ ಹೋಯಿತು. 80 ದಾಟಿದರೆ ನನಗೆ ಹೆದರಿಕೆ. ಮೋಟಾರಿನೊಳಗೆ ತಿರುಗುವ ರೋಟರಿನ ಅಯಸ್ಕಾಂತ ಬಿಸಿಗೆ ಸೋಲುತ್ತದೆ, ಹಾಗೆ ಕಳೆದುಕೊಂಡ ಬಲ ತಣಿದ ಮೇಲೂ ಪೂರ್ತಿ ವಾಪಸು ಬರುವುದಿಲ್ಲ. (ಬಿಸಿ ಅಳೆಯಲು ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಆಗುವುದಿಲ್ಲ, ಅದು ಜ್ವರದ ಅಂಕಿ ದಾಟಿ ತೋರಿಸುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಬಳಸುವ ಗನ್ ತೆಗೆದುಕೊಳ್ಳಿ.)

ಆಮೇಲೆ ಹೊಸ ಮೋಟಾರನ್ನೇ ತರಿಸಿದೆ. ಅದರಲ್ಲೂ 27.8.

ಅಲ್ಲಿಗಾದರೂ ತಿಳಿಯಬೇಕಿತ್ತು. ತಿಳಿಯಲಿಲ್ಲ. ಶಾಕ್ ಅಬ್ಸಾರ್ಬರಿನ ಎಣ್ಣೆ ಬದಲಿಸಿದೆ, ಬ್ಯಾಟರಿ ಹಿಂದೆ ಮುಂದೆ ಮಾಡಿದೆ, ಗಾಲಿ ವಾಲುವ ಕೋನ (ಕ್ಯಾಂಬರ್) ತಿರುಗಿಸಿದೆ. ಕಾರು ಮೇಲೆತ್ತಿ ಗಾಲಿಯನ್ನು ಕೈಯಲ್ಲಿ ತಿರುಗಿಸಿಯೂ ನೋಡಿದ್ದೆ, ಏನೂ ತಪ್ಪು ಕಾಣಲಿಲ್ಲ.

ಒಂದು ಸಂಜೆ ಜಗುಲಿಯಲ್ಲಿ ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು ಥ್ರಾಟಲ್ ಕೊಡುತ್ತಿದ್ದೆ. ಅಪ್ಪಯ್ಯ ಸುಮ್ನೆ ಎಲೆಯಡಿಕೆ ಹಾಕುತ್ತಾ ಕೂತಿದ್ದವರು ಎದ್ದು ಬಂದರು. ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಗಾಲಿ ಕೂರುವ ಒಂದೊಂದೇ ಹಬ್‌ಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. ನಲವತ್ತು ವರ್ಷ ತೋಟದ ಪಂಪ್‌ಸೆಟ್ ನೋಡಿಕೊಂಡ ಕಿವಿ ಅದು.

"ಬಲಬದಿ ಹಿಂದಿನ ಗಾಲಿ ತಮಾ. ಪಂಪಿನ ಬೇರಿಂಗ್ ಹಾಳಾದಾಗ್ಲೂ ಇದೇ ಶಬ್ದ ಬತ್ತು."

ಬಿಚ್ಚಿದೆ. ಹಬ್‌ನೊಳಗಿನ ಬೇರಿಂಗಿನ ರಬ್ಬರ್ ಸೀಲನ್ನು ಸೂಜಿಯಿಂದ ಎಬ್ಬಿಸಿದರೆ ಒಳಗೆ ಗ್ರೀಸೇ ಇಲ್ಲ, ಕಂದು ಬಣ್ಣದ ಪೇಸ್ಟು. ಮರಳಿಗಿಂತ ಉಪ್ಪು ನೀರು ಜಾಸ್ತಿ ಕೆಲಸ ಮಾಡಿತ್ತು. ಎಡಗಡೆಯದೂ ಅದೇ ದಾರಿಯಲ್ಲಿತ್ತು.

ಕೈಯಲ್ಲಿ ತಿರುಗಿಸಿದಾಗ ಯಾಕೆ ಗೊತ್ತಾಗಲಿಲ್ಲ ಅನ್ನುವುದನ್ನು ಬರೆಯಲೇಬೇಕು, ಯಾಕೆಂದರೆ ಇದು ಯಾರಿಗೂ ಆಗಬಹುದು. ಪಿನಿಯನ್ ಸ್ಪರಿಗೆ ಕೂಡಿಕೊಂಡೇ ಇದ್ದರೆ ಗಾಲಿಯ ಜೊತೆ ಮೋಟಾರೂ ತಿರುಗಬೇಕು. ಅಯಸ್ಕಾಂತದ ತಡೆತಡೆದು ಹಿಡಿಯುವ ಎಳೆತದಲ್ಲಿ ಬೇರಿಂಗಿನ ಕರಕರ ಅಡಗಿಹೋಗುತ್ತದೆ. ಮೋಟಾರಿನ ಸ್ಕ್ರೂ ಸಡಿಲಿಸಿ ಹಿಂದಕ್ಕೆ ಸರಿಸಿ, ಆಮೇಲೆ ತಿರುಗಿಸಿ. ಈಗ ನಾನು ಇನ್ನೂ ಒಂದು ಪರೀಕ್ಷೆ ಮಾಡುತ್ತೇನೆ. ಕೂರುವ ಮಣೆಗೆ ಒಂದು ಹಲಗೆ ಒರಗಿಸಿ ಇಳಿಜಾರು ಮಾಡಿ, ಮೋಟಾರು ಬಿಡಿಸಿದ ಕಾರನ್ನು ಮೇಲಿನಿಂದ ಬಿಡುವುದು, ಜಗುಲಿಯಲ್ಲಿ ಎಷ್ಟು ದೂರ ಉರುಳುತ್ತದೆ ಅಂತ ಅಳೆಯುವುದು. ಹಾಳಾದ ಬೇರಿಂಗಿನಲ್ಲಿ 9 ಅಡಿ ಹೋಗಿತ್ತು. 5×10×4 ಮಿಲಿಮೀಟರಿನ ನಾಲ್ಕು, 10×15×4ರ ನಾಲ್ಕು ಬೇರಿಂಗು ಹೊಸದಾಗಿ ತರಿಸಿ, ಗ್ರೀಸು ತೊಳೆದು ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು ಹಾಕಿದ ಮೇಲೆ 15 ಅಡಿ. ಪಿನಿಯನ್ ವಾಪಸು 30. ಸ್ಪರಿಗೂ ಪಿನಿಯನ್ನಿಗೂ ನಡುವೆ ಒಂದು ಪಟ್ಟಿ ಕಾಗದ ಇಟ್ಟು ಮೋಟಾರು ಬಿಗಿದು ಆಮೇಲೆ ಕಾಗದ ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ, ಅದನ್ನೂ ಸರಿ ಮಾಡಿದೆ.

ಆರು ಸುತ್ತಿನ ಮೋಟಾರು ಹಾಕಿದ್ದರೆ ಈ ಬೇರಿಂಗಿನ ಎಳೆತ ನನಗೆ ಕಾಣುತ್ತಲೇ ಇರಲಿಲ್ಲ. 17.5 ಎಲ್ಲವನ್ನೂ ತೋರಿಸುತ್ತದೆ.

ಆದರೆ ಕಾರು ಸರಿಯಾದ ಮೇಲೂ ಸಮಯ 27.2ಕ್ಕೆ ಬಂದು ನಿಂತಿತು, 12 ಸಿಗುವ ಅಂಚಿನಲ್ಲೇ. ಎರಡು ತಿಂಗಳು ನಿಧಾನದ ಕಾರು ಓಡಿಸಿ ನನ್ನ ಕೈ ಕೆಟ್ಟಿತ್ತು. ನೇರ ದಾರಿಯಲ್ಲಿ ಕಳೆದದ್ದನ್ನು ತಿರುವಿನಲ್ಲಿ ಗಳಿಸಲು ಹೋಗಿ, ತೀರಾ ಒಳಗಿನವರೆಗೆ ನುಗ್ಗಿ ಜೋರಾಗಿ ಬ್ರೇಕ್ ಹಾಕುವ ಚಟ ಬಂದಿತ್ತು. ನಮ್ಮಂಥ ಟು-ವೀಲ್ ಡ್ರೈವ್ (ಎರಡೇ ಗಾಲಿಗೆ ಶಕ್ತಿ ಹೋಗುವ) ಬಗ್ಗಿಯಲ್ಲಿ ಬ್ರೇಕ್ ಹಿಂದಿನ ಗಾಲಿಗೆ ಮಾತ್ರ. ಜೋರಾಗಿ ಒತ್ತಿದರೆ ಹಿಂಬದಿ ಬಿಟ್ಟುಕೊಡುತ್ತದೆ, ಕಾರು ಅಡ್ಡ ನಿಲ್ಲುತ್ತದೆ. ರಿಮೋಟಿನಲ್ಲಿ ಬ್ರೇಕನ್ನು ಶೇಕಡಾ 80ರಿಂದ 50ಕ್ಕೆ ಇಳಿಸಿದೆ. ತಿರುವಿಗೆ ಮುಂಚೆಯೇ ಥ್ರಾಟಲ್ ಬಿಟ್ಟು, ಕಾರು ತಾನಾಗಿ ತಿರುಗುವವರೆಗೆ ಕಾದು, ಮೆಲ್ಲಗೆ ಮತ್ತೆ ಕೊಡುವುದನ್ನು ಹೊಸದಾಗಿ ಕಲಿತೆ. ಒಂದು ವಾರ ದಿನಾ ಸಂಜೆ ಒಂದೇ ತಿರುವು, ಹಲಸಿನ ಮರದ ಹತ್ತಿರದ್ದು. ಮರದ ಬೇರಿಗೆ ತಾಗದಂತೆ ಅಗಲವಾಗಿ ಒಳಬಂದು, ದಬ್ಬೆಯ ಪಕ್ಕದಲ್ಲೇ ಹೊರಬರುವುದು. ಕೊನೆಗೆ 26.8.

ಮಳೆಗೆ ಮುಂಚಿನ ಕೊನೆಯ ರೇಸು ಮೇ ತಿಂಗಳಲ್ಲಿ. ಫೈನಲ್ ಮಧ್ಯಾಹ್ನ ಮೂರಕ್ಕೆ, ಸೆಕೆ ವಿಪರೀತ. ಬಿಸಿಗೆ ಶಾಕಿನ ಎಣ್ಣೆ ತೆಳ್ಳಗಾಗುತ್ತದೆ ಅಂತ ಬೆಳಿಗ್ಗೆಗಿಂತ ಒಂದು ನಂಬರ್ ದಪ್ಪದ್ದು ಹಾಕಿದ್ದೆ. ಮೇಲಿನ ಸಗಣಿ ಪದರ ಹೋಗಿ ಪೂರ್ತಿ ಪುಡಿ ಎದ್ದಿತ್ತು. ನಾನು 5 ನಿಮಿಷ 22 ಸೆಕೆಂಡಿನಲ್ಲಿ 12 ಲ್ಯಾಪ್ ಮುಗಿಸಿದೆ. ಮೋಟಾರು 64 ಡಿಗ್ರಿ.

ಗೆದ್ದದ್ದು ಸಿದ್ದಾಪುರದ ಭಾವ, ನನಗಿಂತ ಮೂರು ಸೆಕೆಂಡು ಮುಂದೆ. ಅವರ ಕಾರಿನಲ್ಲಿ ಮೋಟಾರು ಹಿಂದಿನ ಗಾಲಿಯ ಆಚೆ, ಹಳೆಯ ಕ್ರಮ. 1984ರಲ್ಲಿ ಬಂದ ಆರ್‌ಸಿ10 ಅನ್ನುವ ಬಗ್ಗಿ ಕೂಡ ಹಾಗೇ ಇತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಈ ಬಗೆಯ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟು-ವೀಲ್ ವಿಭಾಗ ಗೆದ್ದದ್ದು ಅದೇ. ಕಾರ್ಪೆಟ್ಟು, ಹುಲ್ಲುಹಾಸಿನಂಥ ಚೆನ್ನಾಗಿ ಹಿಡಿಯುವ ಟ್ರ್ಯಾಕುಗಳು ಬಂದ ಮೇಲೆ ಎಲ್ಲರೂ ಮೋಟಾರನ್ನು ನಡುವಿಗೆ ತಂದರು, ನನ್ನದೂ ಹಾಗೆಯೇ ಇದೆ. ಆದರೆ ಪುಡಿ ಮಣ್ಣಿನಲ್ಲಿ ತೂಕ ಹಿಂದಿದ್ದರೆ ಗಾಲಿ ನೆಲ ಕಚ್ಚುತ್ತದೆ. ತಿರುವಿನಿಂದ ಹೊರಬರುವಾಗ ನನ್ನ ಕಾರು ಕಾಲು ಜಾರುತ್ತಿದ್ದ ಜಾಗದಲ್ಲೆಲ್ಲ ಭಾವನದು ಸುಮ್ಮನೆ ಎದ್ದು ಹೋಗುತ್ತಿತ್ತು.

ಈಗ ಜೂನ್. ಟ್ರ್ಯಾಕಿನ ಮೇಲೆ ನೀರು ನಿಂತಿದೆ, ದಬ್ಬೆ ಎಲ್ಲ ಎತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೇವೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ತಗಡಿನ ಡಬ್ಬದಲ್ಲಿಟ್ಟಿದ್ದೇನೆ. ಭಾವ ತಮ್ಮ ಹಳೆಯ ಗೇರ್‌ಬಾಕ್ಸ್ ಒಂದನ್ನು ಕೊಟ್ಟು ಹೋಗಿದ್ದಾರೆ, ಜಗುಲಿಯ ಮೇಲೆ ಪೂರ್ತಿ ಬಿಚ್ಚಿ ಇಟ್ಟಿದೆ. ಅದರ ಬೇರಿಂಗುಗಳನ್ನು ಅಪ್ಪಯ್ಯ ಒಂದೊಂದಾಗಿ ಬೆರಳಿನಲ್ಲಿ ತಿರುಗಿಸಿ, ಆಗುವುದು ಒಂದು ಕಡೆ, ಆಗದ್ದು ಒಂದು ಕಡೆ ಅಂತ ಬಟ್ಟಲಿಗೆ ಹಾಕುತ್ತಿದ್ದಾರೆ.