‘ಗರಿಷ್ಠ’ಕ್ಕೆ ಜಾಗ ಸಾಲಲಿಲ್ಲ

ಸುದ್ದಿ ಏಜೆನ್ಸಿಗಳ ಕಾಪಿಗಳನ್ನು ಕನ್ನಡಕ್ಕೆ ತಂದು ಪತ್ರಿಕೆಯ ವಿದೇಶ ಪುಟ ಕಟ್ಟುವುದು ನನ್ನ ಕೆಲಸ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ‘ಜೆಡೈ’ ಅನ್ನೋ ಕ್ಲೌಡ್ (ಇಂಟರ್ನೆಟ್ ಮೂಲಕ ಕಂಪ್ಯೂಟರ್ ಸೇವೆ) ಗುತ್ತಿಗೆಯನ್ನು ಮೈಕ್ರೋಸಾಫ್ಟ್‌ಗೆ ಕೊಟ್ಟಿತು. ಪುಟ ಬಿಡಲು ಇಪ್ಪತ್ತು ನಿಮಿಷ ಉಳಿದಿತ್ತು. ‘ಮೈಕ್ರೋಸಾಫ್ಟ್‌ಗೆ ಸಾವಿರ ಕೋಟಿ ಡಾಲರ್’ ಎಂದು ಹೆಡ್ಡಿಂಗ್ ಕೊಟ್ಟೆ. ಮೂರು ಕಾಲಂಗೆ ಅಳೆದಿಟ್ಟ ಹಾಗೆ ಕೂತಿತು. ಕಾಪಿಯಲ್ಲಿ ‘ಹತ್ತು ವರ್ಷಗಳಲ್ಲಿ ಗರಿಷ್ಠ’ ಎಂದಿತ್ತು. ಜಾಗ ಸಾಲದೆ ಅದನ್ನು ನುಂಗಿಬಿಟ್ಟೆ.

ಮರುದಿನ ಮೇಜಿನ ಮೇಲೆ ಅದೇ ಪುಟ. ‘ಸಾವಿರ ಕೋಟಿ’ ಸುತ್ತ ಕೆಂಪು ಪೆನ್ನಿನ ಗುಂಡು, ಪಕ್ಕದಲ್ಲಿ ‘ಯಾರು ಎಣಿಸಿಕೊಂಡರು?’ ಅನ್ನೋ ಪ್ರಶ್ನೆ. ನಮ್ಮ ಚೀಫ್ ಸಬ್ ಎಡಿಟರ್ ಮೇಡಂ ಅಕ್ಷರ. ಜೊತೆಗೆ ರಕ್ಷಣಾ ಇಲಾಖೆಯ ಪ್ರಕಟಣೆಯ ಪ್ರಿಂಟ್.

‘ಖಾತರಿ ಹಣ ಎಷ್ಟು ಅಂತ ಓದ್ರೀ,’ ಅಂದರು.

ಓದಿದೆ. ಹತ್ತು ಲಕ್ಷ ಡಾಲರ್! ನಾನು ಬರೆದದ್ದರ ಹತ್ತು ಸಾವಿರದಲ್ಲಿ ಒಂದು ಪಾಲು. ಮೊದಲ ಎರಡು ವರ್ಷದ ಖರ್ಚಿಗೆ ಇಲಾಖೆಯದೇ ಅಂದಾಜು 21 ಕೋಟಿ ಡಾಲರ್. ಕ್ರೆಡಿಟ್ ಕಾರ್ಡ್ ಲಿಮಿಟ್ಟನ್ನೇ ಸಂಬಳ ಅಂತ ಹೇಳಿಕೊಂಡು ತಿರುಗಿದ ಹಾಗಾಗಿತ್ತು ನನ್ನ ಹೆಡ್ಡಿಂಗ್. ಗುತ್ತಿಗೆ ಸಿಗದ ಅಮೆಜಾನ್ ಕೋರ್ಟಿಗೆ ಹೋಯಿತು, 2021ರ ಜುಲೈನಲ್ಲಿ ಆ ಗುತ್ತಿಗೆಯೇ ರದ್ದಾಯಿತು. 2022ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಗುತ್ತಿಗೆ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಒರಾಕಲ್ ನಾಲ್ಕಕ್ಕೂ ಸೇರಿದ್ದು. ಮಿತಿ 900 ಕೋಟಿ ಡಾಲರ್. ಒಂದೊಂದು ಕೆಲಸಕ್ಕೂ ಅವರು ತಮ್ಮತಮ್ಮಲ್ಲೇ ಪೈಪೋಟಿ ಮಾಡಬೇಕು.

ಆಮೇಲಿಂದ ರಕ್ಷಣೆಯ ಸುದ್ದಿ ಬಂದರೆ ಮೊದಲು ‘ಗರಿಷ್ಠ’ ಹುಡುಕುತ್ತೇನೆ. ಹಾಗಂತ ಮಿತಿ ಅನ್ನೋದು ಸುಮ್ನೆ ಬರೆಯುವ ಅಂಕಿಯೂ ಅಲ್ಲ. 2025ರಲ್ಲಿ ಅಮೆರಿಕದ ಸೇನೆ ಪ್ಯಾಲಂಟಿರ್ ಅನ್ನೋ ಸಾಫ್ಟ್‌ವೇರ್ ಕಂಪನಿ ಜೊತೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಾಗ ಮತ್ತೆ ಅದೇ ಸಾವಿರ ಕೋಟಿ ಡಾಲರ್, ಮತ್ತೆ ‘ಗರಿಷ್ಠ’. ಈ ಸಲ ಕೆಳಗಿನ ಪ್ಯಾರಾದಲ್ಲಿ ಬೇರೊಂದು ಅಂಕಿ ಸಿಕ್ಕಿತು: ಬಿಡಿಬಿಡಿಯಾಗಿದ್ದ 75 ಗುತ್ತಿಗೆಗಳನ್ನು ಒಂದಕ್ಕೆ ಸೇರಿಸಿದ್ದರು. ನನ್ನ ಮಟ್ಟಿಗೆ ಸುದ್ದಿ ಅದು. ಒಟ್ಟಿಗೆ ಕೊಂಡರೆ ಸೇನೆಗೆ ಅಗ್ಗವಾಗಬಹುದು, ನಿಜ. ಆದರೆ ಹತ್ತು ವರ್ಷ ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿದವರು ಅಷ್ಟು ಸುಲಭಕ್ಕೆ ಬೇರೆ ಕಡೆ ಹೋಗುತ್ತಾರಾ? ಹೆಡ್ಡಿಂಗ್‌ಗೆ 75 ತಗೊಂಡೆ.

ದೊಡ್ಡ ಅಂಕಿಯ ಹಿಂದೆ ಓಡಿ ತಪ್ಪಿಸಿಕೊಂಡ ಸುದ್ದಿಗಳೂ ಇವೆ. 2018ರಲ್ಲಿ ಡ್ರೋನ್ ವಿಡಿಯೋದಲ್ಲಿ ಏನೇನಿದೆ ಎಂದು ಗುರುತಿಸುವ, ಅದೇ ರಕ್ಷಣಾ ಇಲಾಖೆಯ ‘ಪ್ರಾಜೆಕ್ಟ್ ಮೇವನ್’ ಬೇಡವೆಂದು ಗೂಗಲ್‌ನ ಮೂರು ಸಾವಿರಕ್ಕೂ ಜಾಸ್ತಿ ಉದ್ಯೋಗಿಗಳು ಸಹಿ ಹಾಕಿದರು, ಕಂಪನಿ ಗುತ್ತಿಗೆ ಮುಂದುವರಿಸಲಿಲ್ಲ. ಹಣದ ಲೆಕ್ಕದಲ್ಲಿ ಜೆಡೈ ಮುಂದೆ ಅದು ಏನೇನೂ ಅಲ್ಲ. ನಾನು ಅದನ್ನು ಎರಡು ಪ್ಯಾರಾಕ್ಕೆ ಇಳಿಸಿದ್ದೆ.

ಪ್ಯಾಲಂಟಿರ್ ಒಪ್ಪಂದಕ್ಕೆ ಸ್ವಲ್ಪ ಮುಂಚೆ, 2025ರ ಜೂನ್‌ನಲ್ಲಿ, ಇನ್ನೊಂದು ಕಾಪಿ ಬಂತು. ಮೆಟಾ, ಓಪನ್‌ಎಐ, ಪ್ಯಾಲಂಟಿರ್‌ನ ಹಿರಿಯ ಅಧಿಕಾರಿಗಳೂ ಸೇರಿ ಟೆಕ್ ವಲಯದ ನಾಲ್ವರು ಅಮೆರಿಕ ಸೇನೆಯ ಮೀಸಲು ಪಡೆಗೆ ಲೆಫ್ಟಿನೆಂಟ್ ಕರ್ನಲ್‌ಗಳಾಗಿ ಸೇರಿದ್ದರು. ಹೊಸ ಹುಡುಗ ಅದನ್ನು ಚುಟುಕು ಸುದ್ದಿಗೆ ಹಾಕಿದ್ದ. ‘ಇದ್ರಲ್ಲಿ ದುಡ್ಡಿನ ವಿಷಯ ಏನೂ ಇಲ್ವಲ್ಲ ಸರ್?’ ಅಂದ. ಸಾವಿರ ಕೋಟಿಯ ಆ ಹಳೇ ಪುಟ ಇನ್ನೂ ನನ್ನ ಡ್ರಾಯರ್‌ನಲ್ಲಿತ್ತು. ತೆಗೆದು ತೋರಿಸಿದೆ. ಆಮೇಲೆ ಇಬ್ಬರೂ ಕೂತು ಅದಕ್ಕೆ ನಾಲ್ಕು ಕಾಲಂ ಮಾಡಿದೆವು.